ಗ್ಯಾಸಣ್ಣನ ಪಾಲಿನ ತಂಪು

ಮಗಳು ಕುರ್ಚಿ ಹತ್ತಿ ನಿಂತು ಟ್ರಿಪ್ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದಳು. ನಡುಮನೆಯಲ್ಲಿದ್ದ ಫ್ರೀಜರ್ ಪೆಟ್ಟಿಗೆ ಗೊರ್ರೆಂದು ಮೈಕೊಡವಿಕೊಂಡಿತು. ಒಳಕೋಣೆಯ ಎಸಿಯೂ ಬೀಪ್ ಎಂದಿತು. ಅವಳು ಕೆಳಗಿಳಿಯುವುದರೊಳಗೆ ಟಪ್ ಎಂದು ಎರಡೂ ನಿಂತವು. ಬೆಳಗಿನಿಂದ ಇದೇ ಆಟ.

"ಎರಡೂ ಒಟ್ಟಿಗೆ ಓಡಲ್ಲಮ್ಮ," ಎಂದ ಡ್ರಿಲ್ ಮಾಮ. ಅಪ್ಪ ಎಸಿ ಮೆಕ್ಯಾನಿಕ್ಕಾದರೆ ಇವನು ಅಪ್ಪನ ಜೊತೆಗಾರ, ಊರಿನ ಅರ್ಧ ಗೋಡೆಗಳಿಗೆ ತೂತು ಕೊರೆದವನು. "ಮೊದಲೇ ಕರೆಂಟು ಕುಂಟ್ತಾ ಇದೆ. ಇಡೀ ಬೀದಿ ಎಸಿ ಹಾಕ್ಕೊಂಡು ಕೂತಿದೆ. ಈ ಲೈನು ಒಂದನ್ನ ಮಾತ್ರ ಎಳೆಯುತ್ತೆ. ಒಂದೋ ಪೆಟ್ಟಿಗೆ, ಇಲ್ಲ ಎಸಿ."

ಇದರಲ್ಲಿ ಯೋಚಿಸುವುದೇನಿತ್ತು? ಪೆಟ್ಟಿಗೆಯೊಳಗೆ ಅಪ್ಪ ಮಲಗಿದ್ದ.

ತಮ್ಮ ಇನ್ನೂ ಬರಬೇಕಿತ್ತು. ಬಿಸಿಲಿಗೆ ಹಳಿ ಸೊಟ್ಟಗಾಗಿದೆಯೆಂದು ಅವನ ರೈಲನ್ನು ಬಯಲಿನ ನಡುವೆ ನಿಲ್ಲಿಸಿಬಿಟ್ಟಿದ್ದರು. "ಅಕ್ಕಾ, ನಾನು ಮುಖ ನೋಡೋವರೆಗೂ ಅಪ್ಪನ್ನ ಕಳಿಸ್ಬೇಡ," ಎಂದು ಫೋನಿನಲ್ಲಿ ಅತ್ತಿದ್ದ. "ಇಲ್ಲ ಕಣೋ, ನೋಡೋ ಹಾಗೇ ಇಟ್ಟಿರ್ತೀನಿ," ಎಂದು ಅವಳು ಮಾತು ಕೊಟ್ಟಿದ್ದಳು. ಚಿತಾಗಾರದಲ್ಲಿ ಸರದಿ ಸಿಕ್ಕಿದ್ದು ಸಂಜೆಗೆ. ಈ ವಾರದ ಬಿಸಿಗೆ ಊರಿನ ಮುದುಕರು ಒಬ್ಬರ ಹಿಂದೊಬ್ಬರು ಹೋಗುತ್ತಿದ್ದರು. ಸರದಿ ತಪ್ಪದಿರಲೆಂದು ಅವಳ ಗಂಡ ಅಲ್ಲೇ ಸಾಲಿನಲ್ಲಿ ನಿಂತಿದ್ದ.

"ಎಸಿ ಆರಿಸಿ," ಎಂದಳು ಮಗಳು.

ಒಳಕೋಣೆಯಿಂದ ನರಳಾಟ ಕೇಳಿಸಿತು. ಬೆಳಗಿನಿಂದ ಇಷ್ಟು ಸಂಕಟದ ದನಿ ಆ ಮನೆಯಲ್ಲಿ ಎದ್ದಿರಲಿಲ್ಲ. ಬಂದ ನೆಂಟರೆಲ್ಲ ಸತ್ತವನ ಮುಖವನ್ನು ಒಮ್ಮೆ ಇಣುಕಿ, ಅಮ್ಮನ ಭುಜವನ್ನು ಒಮ್ಮೆ ತಟ್ಟಿ, ನೆಟ್ಟಗೆ ಮಗಳ ಹಸುಗೂಸು ಮಲಗಿದ್ದ ಆ ಕೋಣೆಗೆ ನುಗ್ಗಿದ್ದರು. ನಡುಮನೆಯಲ್ಲಿ ಉಳಿದವಳು ಅಮ್ಮ ಒಬ್ಬಳೇ. ಪೆಟ್ಟಿಗೆ ತನ್ನ ಹೊಟ್ಟೆಯನ್ನು ತಂಪಾಗಿಟ್ಟುಕೊಂಡು ಬಿಸಿಯನ್ನೆಲ್ಲ ಹಿಂದಿನ ಜಾಲರಿಯಿಂದ ಅವಳ ಮೈಮೇಲೆ ಊದುತ್ತಿತ್ತು. ಅವಳು ಜರುಗಲೂ ಇಲ್ಲ.

"ಏನಮ್ಮ ಇದು, ಸತ್ತವನಿಗೆ ಸೆಕೆ ಆಗುತ್ತಾ?" ಮಂಚದ ಮೇಲಿಂದ ದೊಡ್ಡಪ್ಪ ಕೇಳಿದ. ಅಪ್ಪನ ಸ್ವಂತ ಅಣ್ಣ. "ಬದುಕಿರೋರ ಕಡೆನೂ ಸ್ವಲ್ಪ ನೋಡು."

"ಕೆಡುತ್ತೆ, ದೊಡ್ಡಪ್ಪ."

ಆ ಒಂದು ಮಾತಿಗೆ ಕೋಣೆಯಲ್ಲಿದ್ದವರೆಲ್ಲ ಮೂಗು ಮುಟ್ಟಿಕೊಂಡರು. ಯಾರೋ ಎಸಿ ಆರಿಸಿದರು. ಸೆಕೆಗೆ ಬಾಯಿ ಬಂತು.

"ನಮ್ಮ ಕಾಲದಲ್ಲಿ ಬಿಸಿಲಿರ್ಲಿಲ್ವಾ?" ಎಂದ ದೊಡ್ಡಪ್ಪ, ಅಂಗಿಯ ಗುಂಡಿ ಬಿಚ್ಚುತ್ತಾ. "ಬರಿಗಾಲಲ್ಲಿ ಸ್ಕೂಲಿಗೆ ಹೋಗ್ತಿದ್ವಿ. ಯಾರು ಸತ್ರು?"

"ಸತ್ತೋರು ಬಂದು ನಿಮಗೆ ಹೇಳ್ತಾರಾ ಯಜಮಾನ್ರೇ?" ಎಂದರು ಪಕ್ಕದ ಮನೆಯ ಲೆಕ್ಚರರು. "ಇದು ಬರೀ ಬಿಸಿಲಲ್ಲ. ಭೂಮಿನೇ ಕಾದಿದೆ. ಇನ್ನು ಸಮುದ್ರ ಏರುತ್ತೆ, ಬೆಳೆ ಕೈಕೊಡುತ್ತೆ, ಆಮೇಲೆ ನೀರಿಗೆ ಹೊಡೆದಾಟ. ಈ ನಾಗರಿಕತೆ ಅಂತೀವಲ್ಲ, ಇದಕ್ಕಿನ್ನು ಹೆಚ್ಚು ದಿನ ಇಲ್ಲ. ಮನುಷ್ಯ ಅನ್ನೋ ಪ್ರಾಣಿ ಉಳಿಯೋದೇ ಅನುಮಾನ."

ಹೀಗೆ ಭವಿಷ್ಯ ನುಡಿದು ಅವರು ಕಿಟಕಿಯ ಗಾಜಿನಾಚೆ ಬಗ್ಗಿ ನೋಡಿದರು. ಬೀದಿಯಲ್ಲಿ ಅವರ ಕಾರು ಒಳಗೆ ಒಂದು ನರಪಿಳ್ಳೆಯಿಲ್ಲದೆ, ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿತ್ತು. ಚಿತಾಗಾರಕ್ಕೆ ಹೊರಡುವ ಹೊತ್ತಿಗೆ ಸೀಟು ಕಾದಿರಬಾರದು ನೋಡಿ!

"ಏನೂ ಆಗಲ್ಲ ಬಿಡಿ ಸರ್," ಎಂದ ದೊಡ್ಡಪ್ಪ. "ಮನುಷ್ಯ ಅಂದ್ರೆ ಜಿರಳೆ ಇದ್ದ ಹಾಗೆ. ಎಲ್ಲಿ ಬಿಟ್ರೂ ಬದುಕ್ತಾನೆ."

ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಈ ಮಾತನ್ನಂತೂ ಅಲ್ಲಗಳೆಯಲು ಆಗಲಿಲ್ಲ.

*

ಅಪ್ಪನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಗ್ಯಾಸಣ್ಣ ಎಂದರೆ ಚಿಕ್ಕ ಮಕ್ಕಳೂ ಮನೆ ತೋರಿಸುತ್ತಿದ್ದವು. ಯಾವ ಎಸಿ ಕೆಟ್ಟರೂ ಅವನು ಬಂದು, ಅದಕ್ಕೆ ಕಿವಿಯಿಟ್ಟು, ನಾಡಿ ಹಿಡಿದ ವೈದ್ಯನಂತೆ ಗಂಭೀರನಾಗಿ "ಗ್ಯಾಸ್ ಹೋಗಿದೆ" ಎನ್ನುತ್ತಿದ್ದ. ಅರ್ಧ ಸಲ ಅದು ನಿಜವಾಗಿರುತ್ತಿತ್ತು. ಮಿಕ್ಕರ್ಧ ಸಲ ಜಾಲರಿಯ ಧೂಳು ಹೊಡೆದು, ಖಾಲಿ ಸಿಲಿಂಡರನ್ನು ಗಂಭೀರವಾಗಿ ಅಲ್ಲಾಡಿಸಿ ಇಳಿದುಬರುತ್ತಿದ್ದ. ಮನೆಗೆ ಬಂದು ಆ ಕತೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ.

ರಜೆಯಲ್ಲಿ ಒಮ್ಮೆ ಅವಳನ್ನೂ ಯಾರದೋ ತಾರಸಿಗೆ ಕರೆದುಕೊಂಡು ಹೋಗಿದ್ದ. ಹಳೆಯ ಯೂನಿಟ್ಟೊಂದನ್ನು ಬಿಚ್ಚಬೇಕಿತ್ತು. ಬಿಚ್ಚುವ ಮೊದಲು ಅದರೊಳಗಿನ ಗ್ಯಾಸನ್ನು ಮಿಷನ್ನಿನಿಂದ ಸಿಲಿಂಡರಿಗೆ ಎಳೆದುಕೊಳ್ಳಬೇಕೆಂಬುದು ನಿಯಮ. ಅಷ್ಟು ಹೊತ್ತು ಕಾಯುವ ವ್ಯವಧಾನ ಆ ಕಸುಬಿನಲ್ಲಿ ಯಾರಿಗೂ ಇರಲಿಲ್ಲ. ಅಪ್ಪ ತಾಮ್ರದ ಪೈಪಿಗೆ ಕಟ್ಟರ್ ಹಾಕಿ ಕತ್ತರಿಸಿಬಿಟ್ಟ. ಬುಸ್ಸೆಂದು ಬಹಳ ಹೊತ್ತು ಸದ್ದಾಯಿತು.

"ಅದು ಎಲ್ಲಿಗೆ ಹೋಯ್ತಪ್ಪ?"

"ಮೇಲಕ್ಕೆ."

"ಮೇಲೆ ಹೋಗಿ ಏನ್ ಮಾಡುತ್ತೆ?"

"ಹೊಗೆಗಿಂತ ಸಾವಿರ ಪಾಲು ಕೆಟ್ಟದ್ದಂತೆ. ಭೂಮಿಗೆ ಕಂಬಳಿ ಹೊದಿಸಿ ಬೇಯಿಸುತ್ತಂತೆ. ಟ್ರೇನಿಂಗಲ್ಲಿ ಹೇಳಿದ್ರು." ಅಪ್ಪ ಕಣ್ಣು ಹೊಡೆದ. "ಬೇಯಲಿ ಬಿಡು ಮಗಳೇ. ಗಾಳಿ ಬಂದಾಗ ತೂರಿಕೋ ಅಂತಾರೆ. ನಾವು ಬಿಸಿಲು ಬಂದಾಗ ತೂರಿಕೊಳ್ಳೋ ಜನ."

ಅವಳೂ ನಕ್ಕಿದ್ದಳು. ಆ ಬೇಸಿಗೆ ಚೆನ್ನಾಗಿ ಕಾಯಿತು. ಅವಳಿಗೆ ಸೈಕಲ್ಲು ಬಂತು.

ಅಪ್ಪ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು. ಅವನು ಒಬ್ಬರ ಮೇಲೂ ಕೈಯೆತ್ತಿದವನಲ್ಲ. ಅಮ್ಮನಿಗೆ ಜ್ವರ ಬಂದರೆ ಅಡುಗೆಮನೆ ಹೊಕ್ಕವನು ಅವಳು ಏಳುವ ತನಕ ಹೊರಗೆ ಬರುತ್ತಿರಲಿಲ್ಲ. ಅಂಥ ಕೈ ಕತ್ತರಿಸಿದ ಪೈಪುಗಳಿಗೆ ಲೆಕ್ಕವಿರಲಿಲ್ಲ. ಆ ಪೈಪುಗಳ ಅನ್ನ ತಿಂದೇ ತಾನು ಬೆಳೆದದ್ದು ಎಂಬುದೂ ಅವಳಿಗೆ ಗೊತ್ತಿತ್ತು.

*

ಬಂದವರಿಗೆ ಕುಡಿಯಲು ನೀರು ತುಂಬಿಸಿಕೊಂಡು ಅಡುಗೆಮನೆಯಿಂದ ಹೊರಬಂದ ಮಗಳು ನಡುಮನೆಯಲ್ಲೇ ನಿಂತುಬಿಟ್ಟಳು. ಪೆಟ್ಟಿಗೆಯ ಸದ್ದು ಇರಲಿಲ್ಲ. ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಪೆಟ್ಟಿಗೆಗೆ ತಲೆಯಾನಿಸಿ ಅಮ್ಮ ಜೋಂಪಿನಲ್ಲಿದ್ದಳು. ಗಾಜಿನ ಒಳಮೈಯಲ್ಲಿ ನೀರು ಹನಿಗಟ್ಟಿ ಅಪ್ಪನ ಹಣೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಕಿವಿಯ ಕೆಳಗೆ ಚರ್ಮ ಕಪ್ಪಿಟ್ಟಿತ್ತು. ಮುಚ್ಚಳದ ಸಂದಿಗೆ ಮೂಗು ತಂದವಳು ತಟ್ಟನೆ ಮುಖ ಹಿಂದೆಗೆದಳು. ತನ್ನ ಅಪ್ಪನಿಂದಲೇ ಮುಖ ತಿರುಗಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಒಳಕೋಣೆಯಲ್ಲಿ ಎಸಿ ಹಾಯಾಗಿ ಓಡುತ್ತಿತ್ತು.

"ಯಾರು ಪ್ಲಗ್ ತೆಗೆದಿದ್ದು?"

"ನಾನೇ ಕಣಮ್ಮ, ಒಂದು ಗಳಿಗೆಗೆ," ಎಂದ ದೊಡ್ಡಪ್ಪ. "ನಿಮ್ಮ ದೊಡ್ಡಮ್ಮನಿಗೆ ತಲೆ ಸುತ್ತಿತು." ದೊಡ್ಡಮ್ಮ ಮೂಲೆಯಲ್ಲಿ ಸೋಡಾ ಹೀರುತ್ತಾ ಫೋನು ನೋಡುತ್ತಿದ್ದಳು. "ಬೆಳಿಗ್ಗೆಯಿಂದ ತಣ್ಣಗೆ ಇದ್ದಾನಲ್ಲ, ಅಷ್ಟರಲ್ಲಿ ಏನಾಗುತ್ತೆ? ಫ್ರಿಜ್ ಆಫ್ ಆದ ತಕ್ಷಣ ತರಕಾರಿ ಕೊಳೆತುಹೋಗುತ್ತಾ?"

ಯಾರೋ ಕಿಸಕ್ಕನೆ ನಕ್ಕು, ನಕ್ಕದ್ದನ್ನು ಕೆಮ್ಮಾಗಿ ಮಾಡಿಕೊಂಡರು.

"ಅದು ತರಕಾರಿ ಅಲ್ಲ ದೊಡ್ಡಪ್ಪ. ನಿಮ್ಮ ತಮ್ಮ."

ಅವಳು ಎಸಿ ಆರಿಸಿ, ಹೊರಗೆ ಹೋಗಿ ಪ್ಲಗ್ ಸಿಕ್ಕಿಸಿ, ಅಲ್ಲೇ ಕಾವಲು ಕುಳಿತಳು.

ಆಗ ಬಂದವಳು ಮಹಡಿ ಮನೆಯ ಯಜಮಾನಿ. ನಿನ್ನೆ ಮಧ್ಯಾಹ್ನ ಅಪ್ಪ ಬಿದ್ದದ್ದು ಆಕೆಯ ತಾರಸಿಯಲ್ಲಿ. ಕೆಂಡದಂತೆ ಕಾದ ಗಾರೆಯ ಮೇಲೆ, ಬಿಚ್ಚಿಟ್ಟ ಯೂನಿಟ್ಟಿನ ಪಕ್ಕ, ಅವನು ಎಷ್ಟು ಹೊತ್ತು ಬಿದ್ದಿದ್ದನೋ. ಆಕೆ ಕೆಳಗಿನಿಂದ ಫೋನು ಮಾಡುತ್ತಲೇ ಇದ್ದಳಂತೆ, ಇನ್ನೂ ಯಾಕೆ ತಂಪಾಗಲಿಲ್ಲ ಎಂದು ಕೇಳಲು.

"ಒಳ್ಳೆ ಮನುಷ್ಯ, ಪಾಪ," ಎಂದು ಆಕೆ ಕಣ್ಣೊರೆಸಿಕೊಂಡಳು. ಆಮೇಲೆ ಡ್ರಿಲ್ ಮಾಮನ ಪಕ್ಕಕ್ಕೆ ಸರಿದು ದನಿ ತಗ್ಗಿಸಿದಳು. "ಅವರು ಬಿಚ್ಚಿಟ್ಟಿದ್ದು ಹಾಗೇ ಇದೆ. ನಟ್ಟು ಬೋಲ್ಟೆಲ್ಲ ಬಿಸಿಲಲ್ಲಿ ಬಿದ್ದಿದೆ. ನೀವು ಇಲ್ಲಿ ಮುಗಿಸ್ಕೊಂಡು ಹಾಗೇ ಬಂದು ಜೋಡಿಸಿಕೊಡ್ತೀರಾ? ರಾತ್ರಿ ಒಂಚೂರೂ ನಿದ್ದೆ ಇಲ್ಲ."

ಡ್ರಿಲ್ ಮಾಮ ನೆಲ ನೋಡಿದ. "ನೋಡೋಣಮ್ಮ," ಎಂದ.

ಹೋಗುತ್ತಾನೆ. ಸಂಜೆ ಚಿತಾಗಾರದಿಂದ ನೆಟ್ಟಗೆ ಅಲ್ಲಿಗೇ ಹೋಗುತ್ತಾನೆ. ಅಪ್ಪ ಬದುಕಿದ್ದು ಇವನು ಸತ್ತಿದ್ದರೆ ಅಪ್ಪನೂ ಹೋಗುತ್ತಿದ್ದ ಎಂದು ಮಗಳಿಗೆ ಚೆನ್ನಾಗಿ ಗೊತ್ತಿತ್ತು.

*

ಜೀವಮಾನವಿಡೀ ಊರಿಗೆ ಎಸಿ ಕೂರಿಸಿದ ಅಪ್ಪ ತನ್ನ ಮನೆಗೆ ಕೂರಿಸಿದ್ದು ಮೊಮ್ಮಗಳು ಹುಟ್ಟಿದ ಮೇಲೆಯೇ. ಬಾಣಂತಿ ಮಗಳು ಮನೆಗೆ ಬರುವಷ್ಟರಲ್ಲಿ ಒಳಕೋಣೆಯ ಕಿಟಕಿಗಳಿಗೆಲ್ಲ ಮೇಣ ಬಳಿದು, ಗಾಳಿಯ ಎಳೆಯೂ ನುಸುಳದಂತೆ ಬಿಗಿ ಮಾಡಿದ್ದ. ಹೊರಗಿನ ಯೂನಿಟ್ಟು ಓಣಿಯ ಆಚೆ ಮನೆಯ ಮಲಗುವ ಕೋಣೆಗೆ ಮುಖ ಮಾಡಿ ಬಿಸಿ ಉಗುಳುತ್ತಿತ್ತು. ಆಚೆಯವರದು ಇವರ ಅಡುಗೆಮನೆಗೆ ಉಗುಳುತ್ತಿತ್ತು. ಎರಡನ್ನೂ ಕೂರಿಸಿದವನು ಅವನೇ.

"ಇವಳು ನನ್ನಷ್ಟು ದೊಡ್ಡವಳಾಗೋ ಹೊತ್ತಿಗೆ ಹೊರಗೆ ಕಾಲಿಡೋಕಾದ್ರೂ ಆಗುತ್ತೇನಪ್ಪ?" ಎಂದು ಅವಳು ಕೇಳಿದ್ದಳು.

"ಆಗ ಇನ್ನೂ ದೊಡ್ಡ ಎಸಿ ಬಂದಿರುತ್ತೆ ಬಿಡು," ಎಂದು ಅಪ್ಪ ಮಗುವಿನ ಅಂಗಾಲಿಗೆ ಮುತ್ತಿಟ್ಟಿದ್ದ.

ಅಂದು ಅವಳಿಗೆ ನಗು ಬರಲಿಲ್ಲ. "ನಿಂಗೆ ನಾಚಿಕೆ ಆಗಲ್ವಾ?" ಎಂದು ರೇಗಿದ್ದಳು. ಅಪ್ಪ ಪೆಚ್ಚಾಗಿ ರಿಮೋಟನ್ನು ಮಗುವಿನ ಹಾಸಿಗೆಯ ಪಕ್ಕ ಇಟ್ಟು ಎದ್ದುಹೋಗಿದ್ದ.

*

"ಮಗು ಹಾಲಿಗೂ ಅಳ್ತಿಲ್ಲ," ಎಂದು ಒಳಕೋಣೆಯಿಂದ ಮಗುವನ್ನು ಎತ್ತಿತಂದ ಅಮ್ಮ, ಪೆಟ್ಟಿಗೆಯ ಪಕ್ಕ ಕಾವಲಿದ್ದ ಮಗಳ ಮೈ ಅಲುಗಿಸಿದಳು.

ಮಗು ಅಮ್ಮನ ತೋಳಿನಲ್ಲಿ ಒದ್ದೆ ಬಟ್ಟೆಯಂತೆ ಬಿದ್ದಿತ್ತು. ಮುಖ ಕೆಂಪೇರಿತ್ತು, ತುಟಿ ಒಣಗಿತ್ತು. ಅಳುತ್ತಿರಲಿಲ್ಲ. ಅಳದಿದ್ದುದಕ್ಕೇ ಮಗಳಿಗೆ ದಿಗಿಲಾಯಿತು. ಎಸಿ ನಿಂತ ಒಳಕೋಣೆ ಇಷ್ಟು ಜನರ ಉಸಿರಿಗೆ ಹಬೆಯ ಪಾತ್ರೆಯಾಗಿತ್ತು. ನಡುಮನೆ ಪೆಟ್ಟಿಗೆಯ ಬಿಸಿಗೆ ಬೇಯುತ್ತಿತ್ತು. ಹೊರಗೆ ಬೀದಿ ಉರಿಯುತ್ತಿತ್ತು, ಲೆಕ್ಚರರ ಕಾರೂ ಪೆಟ್ರೋಲು ತೀರಿ ಆರಿಹೋಗಿತ್ತು. ಮಗುವನ್ನು ಇಡಲು ಎಲ್ಲೂ ಜಾಗವಿರಲಿಲ್ಲ.

ತಮ್ಮನಿಗೆ ಕೊಟ್ಟ ಮಾತು ಒಂದು ಕಡೆ, ಮಡಿಲ ಕೂಸು ಇನ್ನೊಂದು ಕಡೆ. ಅವಳ ಕೈಯೇ ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತಿತು.

"ಮಾಮ, ಅಪ್ಪನ್ನ ಒಳಗೆ ಮಲಗಿಸೋಣ."

"ಪೆಟ್ಟಿಗೆ ಆ ಬಾಗಿಲಲ್ಲಿ ಹಿಡಿಸಲ್ಲಮ್ಮ."

"ಪೆಟ್ಟಿಗೆ ಬೇಡ. ಅಪ್ಪನ್ನ ಎತ್ತಿ." ಅವಳು ಒಳಕೋಣೆಗೆ ತಿರುಗಿದಳು. "ಎಲ್ಲರೂ ಹೊರಗೆ ಬನ್ನಿ. ಅಪ್ಪ ಮಂಚದ ಮೇಲೆ ಮಲಗ್ತಾನೆ."

"ಹೆಣದ ಪಕ್ಕದಲ್ಲಿ ಹಸುಗೂಸಾ? ನಿಂಗೇನು ತಲೆ ಕೆಟ್ಟಿದ್ಯಾ?" ದೊಡ್ಡಮ್ಮ ಚೀರಿದಳು.

"ಹೌದು, ಕೆಟ್ಟಿದೆ. ಏಳಿ ಮೇಲೆ."

ಅವಳ ಮುಖ ನೋಡಿ ಒಬ್ಬೊಬ್ಬರೇ ಎದ್ದರು. ಅಪ್ಪನನ್ನು ಹೊತ್ತು ತರುವಾಗ ಗೋಡೆಗೆ ಅಂಟಿ ನಿಂತು ಬಟ್ಟೆ ಒಟ್ಟುಮಾಡಿಕೊಂಡರು. ಡ್ರಿಲ್ ಮಾಮ ಅಪ್ಪನನ್ನು ಮಂಚದ ಗೋಡೆಬದಿಗೆ ಮಲಗಿಸಿ, ಎಸಿಯನ್ನು ಪೂರ್ತಿ ತಂಪಿಗಿಟ್ಟು ಹೋದ. ಈಚೆ ಬದಿಯಲ್ಲಿ ಮಗಳು ಮಗುವನ್ನೆತ್ತಿಕೊಂಡು ಕುಳಿತಳು. ಅಮ್ಮ ಅಪ್ಪನ ತಲೆಯ ಪಕ್ಕ ಕುಳಿತು ಅವನ ಹಣೆಯ ನೀರು ಒರೆಸಿದಳು. ಸ್ವಲ್ಪ ಹೊತ್ತಿಗೆ ಮಗು ಕೈಕಾಲು ಆಡಿಸಿತು. ಮೊಲೆಗೆ ಬಾಯಿ ಹಾಕಿ ಎಳೆಯತೊಡಗಿತು. ಮಗಳು ಆ ದಿನ ಮೊದಲ ಬಾರಿಗೆ ಅತ್ತಳು.

ತಂಪು ಹಿಡಿಯುತ್ತಿದ್ದಂತೆ ಬಾಗಿಲು ಮೆಲ್ಲಗೆ ಸರಿಯಿತು. "ಒಂದ್ಸಲ ಮುಖ ನೋಡ್ಬೇಕು ಅನ್ನಿಸ್ತು ಕಣೇ," ಎಂದು ದೊಡ್ಡಮ್ಮ ಬಂದಳು. ನೋಡಿದಳು, ನೆಲದ ಮೇಲೆ ಕುಳಿತಳು. ಅಂತಿಮ ದರ್ಶನಕ್ಕೆಂದು ಲೆಕ್ಚರರು ಬಂದು ಗೋಡೆಗೊರಗಿ ನಿಂತರು. ಅವರ ಹಿಂದೆ ಇನ್ನಿಬ್ಬರು, ಅವರ ಹಿಂದೆ ಮಹಡಿ ಮನೆಯ ಯಜಮಾನಿ. ಬಂದವರು ಯಾರೂ ಹೊರಗೆ ಹೋಗಲಿಲ್ಲ. ಎಲ್ಲರೂ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಿದ್ದರು, ಆದರೂ ಎದ್ದುಹೋಗುವ ಮನಸ್ಸು ಒಬ್ಬರಿಗೂ ಇರಲಿಲ್ಲ. ಕೊನೆಗೆ ಬಂದವನು ದೊಡ್ಡಪ್ಪ. ಎಲ್ಲೂ ಜಾಗವಿಲ್ಲದ್ದು ಕಂಡು, ಸತ್ತ ತಮ್ಮನ ಎರಡೂ ಕಾಲುಗಳನ್ನು ಅಂಗೈಯಿಂದ ಗೋಡೆಯತ್ತ ಒತ್ತಿ ಸರಿಸಿ, ಖಾಲಿಯಾದ ಜಾಗದಲ್ಲಿ ಕುಳಿತು ಉಸ್ಸೆಂದ.

ಕೂಗಬೇಕೆಂದರೆ ಮಗಳ ಮಡಿಲಲ್ಲಿ ಮಗು ಆಗಷ್ಟೇ ಕಣ್ಣು ಮುಚ್ಚಿತ್ತು. ಅವಳು ಹಲ್ಲು ಕಚ್ಚಿದಳು.

ಹೊರಗೆ ಓಡಿಬರುವ ಹೆಜ್ಜೆಗಳ ಸದ್ದಾಯಿತು. ಬಾಗಿಲು ದಡಾರನೆ ತೆರೆಯಿತು. ತಮ್ಮ ನಿಂತಿದ್ದ. ತಲೆಯ ತುಂಬ ಧೂಳು, ಬೆನ್ನಿನ ಚೀಲ ಒಂದೇ ಹೆಗಲಿಗೆ ಜೋತಿತ್ತು. ಬಾಗಿಲಿನಿಂದ ಮಂಚದ ತನಕ ತಲೆಗಳು, ಬೆನ್ನುಗಳು. ಕಾಲಿಡಲು ಜಾಗವಿರಲಿಲ್ಲ. ಅವನ ಕಣ್ಣು ಮುಖದಿಂದ ಮುಖಕ್ಕೆ ಅಲೆಯಿತು.

"ಅಕ್ಕಾ," ಎಂದ. "ಅಪ್ಪ ಎಲ್ಲಿ?"

ಅವನ ಹಿಂದಿನಿಂದ ಬಿಸಿಗಾಳಿ ಒಳಗೆ ನುಗ್ಗಿತು.

"ಬಾಗಿಲು! ಬಾಗಿಲು!" ಒಟ್ಟಿಗೇ ನಾಲ್ಕೈದು ದನಿಗಳು ಎದ್ದವು. "ತಂಪೆಲ್ಲ ಹೊರಗೆ ಹೋಗುತ್ತಲ್ಲಪ್ಪ, ಹಾಕೋ ಬಾಗಿಲನ್ನ!"

ಮಗಳು ಮಗುವನ್ನು ಎದೆಗವಚಿಕೊಂಡು ಏಳಲು ಹವಣಿಸಿದಳು. ಅವಳು ಎದ್ದು ನಿಲ್ಲುವ ಮೊದಲೇ, ಬಾಗಿಲ ಪಕ್ಕ ನೆಲದ ಮೇಲೆ ಕುಳಿತಿದ್ದ ಯಾರೋ ಒಬ್ಬರು ತಲೆಯನ್ನೂ ಎತ್ತದೆ ಕಾಲು ಚಾಚಿ, ಹಿಮ್ಮಡಿಯಿಂದ ಬಾಗಿಲನ್ನು ತಮ್ಮನ ಮುಖದ ಮೇಲೆ ತಳ್ಳಿ ಮುಚ್ಚಿದರು.