ನಾರ್ತ್‌ಬಂಡ್‌ನ ಕೆವಿನ್

ದಯಾನಂದನಿಗೆ ಸ್ಟೀವ್ ಅಂತ ಇನ್ನೊಂದು ಹೆಸರಿದೆ ಅನ್ನುವುದು ಅವನ ಹೆಂಡತಿ ಮಂಜುಶ್ರೀಗೂ ಎಷ್ಟೋ ದಿನ ಗೊತ್ತಿರಲಿಲ್ಲ. ಗೊತ್ತಾದ ದಿನ ಅವಳು ನಕ್ಕ ನಗುವಿಗೆ ಪಕ್ಕದ ಮನೆಯವರು ಬಂದು ಏನಾಯಿತೆಂದು ವಿಚಾರಿಸಿದ್ದರು. ಈಗ ಈ ಕತೆ ಹೇಳುವಾಗ ಅವನೂ ನಗುತ್ತಾನೆ. ಆಗ ಮಾತ್ರ ನಗು ಬಂದಿರಲಿಲ್ಲ.

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಒಂದು ಗಲ್ಲಿಯಲ್ಲಿ ಅವನದು ಸೈಬರ್ ಸೆಂಟರ್. ಒಂಬತ್ತು ಕಂಪ್ಯೂಟರ್, ಬಾಗಿಲ ಬಳಿ ಜೆರಾಕ್ಸ್ ಮೆಷಿನ್, ಜೊತೆಗೆ ಲಗ್ನಪತ್ರಿಕೆ, ಕರಪತ್ರ, ಫ್ಲೆಕ್ಸ್ ಬೋರ್ಡುಗಳ ಡಿಸೈನ್. ಹೊಟ್ಟೆಬಟ್ಟೆಗೆ ತೊಂದರೆಯಿರಲಿಲ್ಲ. ಸುಮ್ಮನಿದ್ದಿದ್ದರೆ ಚೆನ್ನಾಗಿಯೇ ಇರುತ್ತಿದ್ದ. ಆದರೆ 2005ರ ಸುಮಾರಿಗೆ ಅವನಿಗೆ ವೆಬ್‌ಸೈಟ್ ಮಾಡಿಕೊಡುವ ಹುಚ್ಚು ಹತ್ತಿತು. ಗುಬ್ಬಿಯ ಕೊಬ್ಬರಿ ಮಂಡಿಗೆ ಒಂದು, ಮರಳೂರಿನ ಟ್ಯೂಷನ್ ಕ್ಲಾಸಿಗೆ ಒಂದು, ಕೋರದ ಗಿಡದ ನರ್ಸರಿಗೆ ಒಂದು, ಹೀಗೆ ವರ್ಷ ಕಳೆಯುವಷ್ಟರಲ್ಲಿ ಹನ್ನೊಂದಾದವು. ಒಂದೊಂದಕ್ಕೂ ಬೇರೆ ಬೇರೆ ಕಂಪನಿಯಲ್ಲಿ ಜಾಗ, ಬೇರೆ ಪಾಸ್‌ವರ್ಡ್, ಬೇರೆ ತಾರೀಖಿಗೆ ಬಾಡಿಗೆ. ಪಾಸ್‌ವರ್ಡುಗಳನ್ನು ಅವನು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದ. ಹೊಸ ವರ್ಷ ಬಂದಾಗ ಮಂಜುಶ್ರೀ ಆ ಕ್ಯಾಲೆಂಡರ್ ಹರಿದು ಮಗಳ ಪುಸ್ತಕಗಳಿಗೆ ಬೈಂಡ್ ಹಾಕಿದಳು. ನಾಲ್ಕು ದಿನ ದಯಾನಂದ ಸಮಾಜ ವಿಜ್ಞಾನದ ಪುಸ್ತಕ ಎದುರಿಟ್ಟುಕೊಂಡು ನರ್ಸರಿಯ ಸೈಟು ರಿಪೇರಿ ಮಾಡಿದ.

ಆಗಲೇ ಅವನಿಗೆ ರೀಸೆಲ್ಲರ್ ಹೋಸ್ಟಿಂಗ್ ಎಂಬುದರ ವಿಷಯ ತಿಳಿದದ್ದು. ಸೈಟುಗಳನ್ನು ಇಡುವ ಜಾಗವನ್ನು ದೊಡ್ಡ ಕಂಪನಿಯಿಂದ ಸಗಟಾಗಿ ಹಿಡಿದು, ಅದನ್ನೇ ಹೋಳು ಮಾಡಿ ತನ್ನ ಕಂಪನಿಯ ಹೆಸರಿನಲ್ಲಿ ಚಿಲ್ಲರೆಯಾಗಿ ಕೊಡುವ ವ್ಯಾಪಾರ. ಹನ್ನೊಂದು ಸೈಟಿಗೂ ಒಂದೇ ಬೀಗದಕೈ. ಗಿರಾಕಿಗೆ ಹಿಂದಿನ ಕಂಪನಿ ಕಾಣುವುದೇ ಇಲ್ಲ, ಕಾಣುವುದು ದಯಾನಂದ ಮಾತ್ರ. ಈ ಕೊನೆಯ ಮಾತು ಅವನಿಗೆ ಬಹಳ ಹಿಡಿಸಿತು.

ಎರಡು ವಾರ ಹಾಳೆಯ ಮೇಲೆ ಗೆರೆ ಹೊಡೆದು ಕಂಪನಿಗಳನ್ನು ತೂಗಿ ನೋಡಿದ. ಎಷ್ಟು ಜಾಗ, ತಿಂಗಳಿಗೆ ಎಷ್ಟು ಬ್ಯಾಂಡ್‌ವಿಡ್ತ್, ಅಂದರೆ ಸೈಟು ನೋಡುವವರಿಗೆ ಒಟ್ಟು ಎಷ್ಟು ಸರಕು ಹರಿದು ಹೋಗಬಹುದು, ಎಷ್ಟು ಸೈಟು ಇಡಬಹುದು, ಬೆಲೆ ಎಷ್ಟು. ಒಬ್ಬ ಎಲ್ಲವೂ ಅನ್‌ಲಿಮಿಟೆಡ್ ಎಂದು ಬರೆದಿದ್ದ. ಅನ್‌ಲಿಮಿಟೆಡ್ ಊಟ ಎಂಬ ಬೋರ್ಡಿನ ಹೋಟೆಲಿನಲ್ಲಿ ಎರಡನೇ ಸಲ ಪಲ್ಯ ಕೇಳಿ ಮುಖ ಮುರಿಸಿಕೊಂಡಿದ್ದ ದಯಾನಂದ ಅದನ್ನು ನಂಬಲಿಲ್ಲ. ಇಷ್ಟು ಬುದ್ಧಿ ಖರ್ಚು ಮಾಡಿದವನು ಕಡೆಗೆ ಆರಿಸಿದ್ದು ಮಾತ್ರ ಹಾಳೆಯಲ್ಲಿ ಇಲ್ಲದ ಕಾರಣಕ್ಕೆ. ನಾರ್ತ್‌ಬಂಡ್ ಹೋಸ್ಟ್ ಎಂಬ ಕಂಪನಿಗೆ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಇಂಗ್ಲಿಷಿನಲ್ಲಿ ಮೇಲ್ ಬರೆದ. ದಯಾನಂದ ಎಂದು ಸಹಿ ಹಾಕಿದರೆ ಅಮೆರಿಕದವರು ಲೆಕ್ಕಕ್ಕಿಡಲಾರರೆಂದು ಸ್ಟೀವ್ ಎಂದು ಹಾಕಿದ. ಹತ್ತೇ ನಿಮಿಷದಲ್ಲಿ ಕೆವಿನ್ ಎಂಬುವನಿಂದ ಉತ್ತರ ಬಂತು. ಅಮೆರಿಕದಲ್ಲಿ ಆಗ ಮಧ್ಯರಾತ್ರಿ. ಮಧ್ಯರಾತ್ರಿಯಲ್ಲೂ ಎದ್ದು ಕೂತಿರುವ ಕಂಪನಿ ಎಂದರೆ ಎಂಥದ್ದಿರಬೇಕು! ಕ್ರೆಡಿಟ್ ಕಾರ್ಡ್ ಇದ್ದ ಷಡ್ಡಕನನ್ನು ಕಾಡಿಬೇಡಿ ಅವತ್ತೇ ಹಣ ಕಟ್ಟಿಸಿದ.

ವರ್ಷದುದ್ದಕ್ಕೂ ಸ್ಟೀವ್ ಮತ್ತು ಕೆವಿನ್ ಪತ್ರ ಬರೆದುಕೊಂಡರು. ಕೆವಿನ್‌ನ ಇಂಗ್ಲಿಷ್ ಇಸ್ತ್ರಿ ಮಾಡಿದ ಬಟ್ಟೆಯಂತಿರುತ್ತಿತ್ತು. ಮಧ್ಯಾಹ್ನ ಒಂದರಿಂದ ಮೂರರವರೆಗೆ ಮಾತ್ರ ಅವನು ಉತ್ತರಿಸುತ್ತಿರಲಿಲ್ಲ. ಅಲ್ಲಿ ಶಿಫ್ಟ್ ಬದಲಾಗುವ ಹೊತ್ತೆಂದು ದಯಾನಂದ ಗಿರಾಕಿಗಳಿಗೆ ವಿವರಿಸುತ್ತಿದ್ದ. ತನ್ನ ಕಂಪನಿಗೂ ದಯಾ ಗ್ಲೋಬಲ್ ಎಂದು ಹೆಸರಿಟ್ಟು ಒಂದು ಸೈಟು ಮಾಡಿದ. ಮೊದಲ ಪುಟದಲ್ಲಿ ಯಾವುದೋ ದೇಶದ ಗಾಜಿನ ಕಟ್ಟಡದ ಫೋಟೊ. ಚಿಕ್ಕದು ಮಾಡಿದರೆ ಕ್ಲಾರಿಟಿ ಹೋಗುತ್ತದೆಂದು ಅದನ್ನು ಇದ್ದ ಗಾತ್ರದಲ್ಲೇ ಹಾಕಿದ. ಸೆಂಟರಿನ ಒಂಬತ್ತೂ ಕಂಪ್ಯೂಟರಿನಲ್ಲಿ ಇಂಟರ್ನೆಟ್ ತೆರೆದ ಕೂಡಲೇ ಆ ಪುಟವೇ ಬರುವಂತೆ ಮಾಡಿದ. ಪುಟದ ಕೆಳಗೆ ನೋಡುಗರ ಲೆಕ್ಕ ತೋರಿಸುವ ಅಂಕಿ ಇತ್ತು. ಅದು ದಿನಕ್ಕೆ ಮುನ್ನೂರರಂತೆ ಏರುತ್ತಿತ್ತು. ದಿನಾ ಮುನ್ನೂರು ಜನ ತನ್ನನ್ನು ಹುಡುಕಿಕೊಂಡು ಬರುತ್ತಿದ್ದಾರೆಂದು ಅವನು ಬೀಗಿದ. ಅವರಲ್ಲಿ ಒಬ್ಬನೂ ಫೋನ್ ಮಾಡುತ್ತಿಲ್ಲವಲ್ಲ ಎಂದು ಮಂಜುಶ್ರೀ ಕೇಳಿದಾಗ, ವಿದೇಶದವರು ಯೋಚನೆ ಮಾಡಿ ಮಾಡುತ್ತಾರೆ ಅಂದ.

ಅವನ ಹನ್ನೆರಡನೇ ಗಿರಾಕಿ ಗುಬ್ಬಿಯ ಪುಟ್ಟತಾಯಮ್ಮ. ಗಂಡುಹೆಣ್ಣು ಕೂಡಿಸುವುದರಲ್ಲಿ ಸುತ್ತಲ ಹತ್ತೂರಿಗೆ ಹೆಸರಾದವರು. ಬಗಲಚೀಲದಲ್ಲಿದ್ದ ಫೋಟೊಗಳನ್ನೆಲ್ಲ ಸೈಟಿಗೆ ಹಾಕಿಸಿಕೊಂಡು, ಬೀಗರಿಗೆ ಕಂಪ್ಯೂಟರಿನಲ್ಲಿ ನೋಡಿ ಅನ್ನುತ್ತಿದ್ದರು. 2006ರ ನವೆಂಬರಿನಲ್ಲಿ ಅವರು ಗುಬ್ಬಿಯ ಬೂಸಾ ಅಂಗಡಿಯ ಕಾಳಯ್ಯನವರ ಮಗಳು ಅನುಪಮಾಗೆ ಒಂದು ಗಂಡು ನೋಡಿದ್ದರು. ಹುಡುಗ ಸಿದ್ದಾರ್ಥ, ತುಮಕೂರಿನ ಒಂದು ಸರ್ಕಾರಿ ಕಚೇರಿಯ ಅಕೌಂಟ್ಸ್ ವಿಭಾಗದಲ್ಲಿ ಗುಮಾಸ್ತ. ಮಾತುಕತೆ ಮುಗಿದು, ನಿಶ್ಚಿತಾರ್ಥದ ದಿನ ಗೊತ್ತುಮಾಡುವ ಮುಂಚೆ ಹುಡುಗನ ವಿವರ ಇನ್ನೊಂದು ಸಲ ನೋಡೋಣವೆಂದು ಕಾಳಯ್ಯನವರು ಇಪ್ಪತ್ತೆರಡನೇ ತಾರೀಖು ಬ್ರೌಸಿಂಗ್ ಸೆಂಟರಿಗೆ ಹೋದರು. ಹುಡುಗನ ಹೆಸರು ಒತ್ತಿದರೆ ಫೋಟೊ ಬರಲಿಲ್ಲ. ಬಿಳಿ ಪುಟದ ಮೇಲೆ ದಪ್ಪಕ್ಷರದಲ್ಲಿ ‘ದಿಸ್ ಅಕೌಂಟ್ ಹ್ಯಾಸ್ ಬೀನ್ ಸಸ್ಪೆಂಡೆಡ್’ ಎಂದಿತ್ತು.

ಕಾಳಯ್ಯನವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಈ ಸಾಲಿನಲ್ಲಿ ಅವರಿಗೆ ಗೊತ್ತಿದ್ದ ಪದಗಳು ಎರಡು: ಅಕೌಂಟ್, ಸಸ್ಪೆಂಡ್. ಅಷ್ಟು ಸಾಕಾಯಿತು.

ಹನ್ನೊಂದು ಗಂಟೆಗೆ ಪುಟ್ಟತಾಯಮ್ಮನ ಫೋನ್ ಬಂತು. “ಹುಡುಗನ್ನ ಸಸ್ಪೆಂಡ್ ಮಾಡವ್ರೆ ಅಂತ ನಿನ್ ಕಂಪ್ಯೂಟ್ರು ಹೇಳ್ತೈತಂತೆ ಕಣಪ್ಪ. ಮನೆಯವ್ರಿಗೇ ಗೊತ್ತಿಲ್ದಿರೋ ಸುದ್ದಿ ನಿಂಗ್ಯಾರು ಹೇಳಿದ್ರು?”

ದಯಾನಂದ ಪುಟ್ಟತಾಯಮ್ಮನ ಸೈಟು ತೆರೆದ. ಸಸ್ಪೆಂಡ್. ಕೊಬ್ಬರಿ ಮಂಡಿ, ಟ್ಯೂಷನ್ ಕ್ಲಾಸು, ನರ್ಸರಿ, ಎಲ್ಲವೂ ಸಸ್ಪೆಂಡ್. ದಯಾ ಗ್ಲೋಬಲ್ ಕೂಡ. ಕೆವಿನ್‌ನಿಂದ ಒಂದು ಮೇಲ್ ಬಂದಿತ್ತು. ‘ವಿಷಾದದಿಂದ ತಿಳಿಸುತ್ತೇವೆ’ ಎಂಬ ಮೊದಲ ಸಾಲು ಓದುತ್ತಲೇ ಸಿಟ್ಟು ನೆತ್ತಿಗೇರಿ, ಉಳಿದದ್ದನ್ನು ಓದದೆ ಎರಡು ಪುಟದ ಬೈಗುಳ ಇಂಗ್ಲಿಷಿನಲ್ಲಿ ಬರೆದು ಕಳಿಸಿದ. ಬೈಗುಳಕ್ಕೆ ಬೇಕಾದ ಇಂಗ್ಲಿಷ್ ಸಾಲದೆ ಡಿಕ್ಷನರಿ ತೆಗೆದು ಹುಡುಕಿದ್ದೂ ಉಂಟು. ಉತ್ತರ ಬರಲಿಲ್ಲ. ಗಂಟೆ ಒಂದೂಕಾಲು, ಶಿಫ್ಟ್ ಬದಲಾಗುವ ಹೊತ್ತು.

ಫೋನ್ ನಂಬರಾದರೂ ಸಿಕ್ಕೀತೆಂದು, ಡೊಮೈನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಪುಟದಲ್ಲಿ ನಾರ್ತ್‌ಬಂಡ್ ಎಂದು ಒತ್ತಿದ. ಗಿರಾಕಿಗಳ ಹೆಸರುಗಳನ್ನು ಅಲ್ಲಿ ದಿನಾ ನೋಡುತ್ತಿದ್ದವನಿಗೆ ತಾನು ದುಡ್ಡು ಕಟ್ಟುವ ಕಂಪನಿಯದನ್ನು ನೋಡಬೇಕೆಂದು ಒಂದು ವರ್ಷ ಹೊಳೆದೇ ಇರಲಿಲ್ಲ. ವಿಳಾಸ ಬಂತು. ಮನೆ ನಂಬರ್, ಕೆರೆ ಏರಿ ಹತ್ತಿರ, ಕುಣಿಗಲ್, ತುಮಕೂರು ಜಿಲ್ಲೆ. ಅವನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಕುಣಿಗಲ್ಲೇ.

ಸೆಂಟರನ್ನು ಮಂಜುಶ್ರೀಗೆ ಒಪ್ಪಿಸಿ ಬಸ್ಸು ಹತ್ತಿದ. ಹೆಬ್ಬೂರು ದಾಟುವವರೆಗೂ ಕೆವಿನ್‌ಗೆ ಏನೇನು ಅನ್ನಬೇಕೆಂದು ಸಾಲು ಕಟ್ಟಿಕೊಂಡ, ಈ ಸಲ ಕನ್ನಡದಲ್ಲಿ. ಏರಿಯ ಉತ್ತರಕ್ಕೆ ಒಂದು ಹೆಂಚಿನ ಮನೆ, ಅಂಗಳದಲ್ಲಿ ಒಣಹಾಕಿದ ಸಂಡಿಗೆ. ಅರವತ್ತು ದಾಟಿದ ಹೆಂಗಸೊಬ್ಬರು ಆಗತಾನೆ ಮಲಗಿ ಎದ್ದವರಂತೆ ಕಣ್ಣುಜ್ಜುತ್ತ ಬಾಗಿಲಿಗೆ ಬಂದರು. ಕೆವಿನ್ ಇದಾರಾ ಎಂದು ಕೇಳಿದ. ಆ ಅಂಗಳದಲ್ಲಿ ಆ ಹೆಸರು ತನ್ನ ಬಾಯಿಂದ ಕೇಳಿಸಿದಾಗಲೇ ಅವನ ಅರ್ಧ ಸಿಟ್ಟು ಇಳಿದುಹೋಯಿತು.

ಅವರು ಅವನನ್ನು ಮೇಲಿಂದ ಕೆಳಗೆ ನೋಡಿದರು. “ಸ್ಟೀವಾ? ಬಾಪ್ಪ ಒಳಗೆ. ಸಂಡಿಗೆ ತುಳೀಬೇಡ.”

ಅವರು ಸರ್ವಮಂಗಳಮ್ಮ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಹಳೆ ವಿದ್ಯಾರ್ಥಿನಿಯರ ಸಂಘಕ್ಕೆ ಒಂದು ಸೈಟು ಮಾಡಲು ಹೋಗಿ, ಜಾಗ ಹಿಡಿದು, ಉಳಿದ ಜಾಗವನ್ನು ಇನ್ನೊಬ್ಬರಿಗೆ ಕೊಟ್ಟು, ಹಾಗೇ ವ್ಯಾಪಾರಕ್ಕೆ ಬಿದ್ದಿದ್ದರು. ಅವರೂ ರೀಸೆಲ್ಲರೇ. ನಿಜವಾದ ಸರ್ವರ್ ಅಮೆರಿಕದಲ್ಲಿತ್ತು, ಆದರೆ ಅದರ ಮುಖ ಅವರೂ ನೋಡಿರಲಿಲ್ಲ. ಏರಿಗೆ ಇಂಗ್ಲಿಷಿನಲ್ಲಿ ಬಂಡ್, ಮನೆ ಅದರ ಉತ್ತರಕ್ಕಿರುವುದರಿಂದ ನಾರ್ತ್ ಬಂಡ್.

ಕಾಫಿ ಕೊಟ್ಟು, ಕಂಪ್ಯೂಟರಿನ ಮೇಲೆ ಹೊದಿಸಿದ್ದ ಹೂವಿನ ಬಟ್ಟೆ ತೆಗೆದು, ಅವನ ಮೇಲ್ ತೆರೆದರು. ತಿಂಗಳ ಬ್ಯಾಂಡ್‌ವಿಡ್ತ್ ಮುಗಿಯುತ್ತ ಬಂತೆಂದು ಮೂರು ಸಲ ಎಚ್ಚರಿಕೆ ಕಳಿಸಿದ್ದೆನಲ್ಲ ಎಂದು ಕೇಳಿದರು. ಬಂದದ್ದು ನಿಜ. ದೊಡ್ಡ ಪ್ಲಾನ್ ಮಾರುವ ಜಾಹೀರಾತೆಂದು ಅವನು ಅಳಿಸಿಹಾಕಿದ್ದ. ಬೆಳಿಗ್ಗೆ ಬಂದ ಮೇಲ್‌ನ ಎರಡನೇ ಸಾಲಿನಲ್ಲಿ ‘ಯೆಸ್ ಎಂದು ಉತ್ತರಿಸಿ, ಐದು ಜಿಬಿ ಉಚಿತವಾಗಿ ಸೇರಿಸುತ್ತೇನೆ’ ಎಂದಿತ್ತು.

“ಎರಡು ಪುಟ ಬರ್ದಿದೀಯ, ಒಂದು ಯೆಸ್ ಇಲ್ಲ. ಡಿಡ್ ಆದ್ಮೇಲೆ ವೆಂಟ್ ಹಾಕ್ತಾರೇನಪ್ಪ? ನಿನ್ ಮೊದಲ್ನೇ ಮೇಲ್ ನೋಡ್ದಾಗ್ಲೇ ಅಂದ್ಕೊಂಡೆ, ಇದು ನಮ್ ಜಿಲ್ಲೆ ತಪ್ಪು ಅಂತ. ಮೂವತ್ತು ವರ್ಷ ತಿದ್ದಿದೀನಿ.”

ಅಷ್ಟಕ್ಕೂ ತನ್ನ ತಿಂಗಳ ಹದಿನೈದು ಜಿಬಿಯನ್ನು ತಿಂದವರು ಯಾರು ಎಂದು ದಯಾನಂದ ಕೇಳಿದ. ಪುಟ್ಟತಾಯಮ್ಮನ ಫೋಟೊಗಳ ಮೇಲೇ ಅವನ ಅನುಮಾನ. ಸರ್ವಮಂಗಳಮ್ಮ ಪಟ್ಟಿ ತೋರಿಸಿದರು. ಹನ್ನೆರಡು ಗಿರಾಕಿಗಳ ಸೈಟುಗಳೂ ಸೇರಿ ಅರ್ಧ ಜಿಬಿಯೂ ಆಗಿರಲಿಲ್ಲ. ಉಳಿದದ್ದೆಲ್ಲ ಒಂದೇ ಸೈಟಿನದು, ದಯಾ ಗ್ಲೋಬಲ್. ಅದರೊಳಗೆ ಒಂದೇ ಫೋಟೊ, ಗಾಜಿನ ಕಟ್ಟಡ. ಅದನ್ನು ನೋಡಿದವರೆಲ್ಲ ಬಂದದ್ದೂ ಒಂದೇ ಕನೆಕ್ಷನ್ನಿನಿಂದ. ಆ ಕನೆಕ್ಷನ್ ಅವನ ಸೆಂಟರಿನದು. ಪರೀಕ್ಷೆಯ ಫಲಿತಾಂಶಕ್ಕೋ ರೈಲು ಟಿಕೆಟ್ಟಿಗೋ ಬಂದು ಕೂತವರ ಮುಂದೆಲ್ಲ ಆ ಭಾರದ ಪುಟ ಮೊದಲು ತೆರೆದುಕೊಳ್ಳುತ್ತಿತ್ತು. ಒಬ್ಬೊಬ್ಬ ಎದ್ದು ಹೋದ ಮೇಲೂ ಕಂಪ್ಯೂಟರಿನಲ್ಲಿ ಉಳಿದ ಪುಟ, ಫೋಟೊಗಳನ್ನೆಲ್ಲ ದಯಾನಂದನೇ ಶಿಸ್ತಾಗಿ ಅಳಿಸುತ್ತಿದ್ದರಿಂದ ಮುಂದಿನವನಿಗೆ ಮತ್ತೆ ಹೊಸದಾಗಿ ಇಳಿಯುತ್ತಿತ್ತು. ವಿದೇಶದ ಮುನ್ನೂರು ಜನ ಯಾರೆಂದು ದಯಾನಂದನಿಗೆ ಆಗ ಗೊತ್ತಾಯಿತು. ಇಂಟರ್ನೆಟ್ ನಿಧಾನ ಎಂದು ಅವನನ್ನೇ ಬೈದುಕೊಂಡು ದುಡ್ಡು ಕೊಟ್ಟು ಹೋಗುತ್ತಿದ್ದವರು ಅವರು. ಲೋಟದಲ್ಲಿ ಕಾಫಿ ಇರಲಿಲ್ಲ, ಆದರೂ ಅವನು ಇನ್ನೊಂದು ಗುಟುಕು ಕುಡಿದ.

ಸರ್ವಮಂಗಳಮ್ಮ ಅಲ್ಲೇ ಕೂರಿಸಿ ಫೋಟೊ ಚಿಕ್ಕದು ಮಾಡಿಸಿದರು. ಕ್ಲಾರಿಟಿ ಕೂದಲೆಳೆಯಷ್ಟೂ ಹೋಗಲಿಲ್ಲ. ಒಂದು ಸೈಟು ಇನ್ನೊಂದರ ಪಾಲು ತಿನ್ನದ ಹಾಗೆ ಒಂದೊಂದಕ್ಕೂ ಮಿತಿ ಹಾಕುವುದನ್ನು ತೋರಿಸಿ, ಮೊದಲ ಮಿತಿಯನ್ನು ದಯಾ ಗ್ಲೋಬಲ್‌ಗೇ ಹಾಕಿಸಿದರು. ವಾರಕ್ಕೊಮ್ಮೆ ಎಲ್ಲದರ ಪ್ರತಿ ತೆಗೆದು ಸಿಡಿಯಲ್ಲಿ ಇಡಬೇಕೆಂದರು. ಅವರು ಐದು ಜಿಬಿ ಸೇರಿಸಿದ ಕೂಡಲೇ ಸೈಟುಗಳೆಲ್ಲ ಎದ್ದು ಕೂತವು.

ಹೊರಡುವಾಗ ಕೆವಿನ್ ಎಂಬ ಹೆಸರು ಯಾಕೆಂದು ಅವನು ಕೇಳಿದ. ಮೊದಲು ತಮ್ಮ ಹೆಸರಿನಲ್ಲೇ ಬರೆಯುತ್ತಿದ್ದರಂತೆ. ಏನೇ ಹೇಳಿದರೂ ಗಿರಾಕಿಗಳು, ಯಾರಾದರೂ ಸರ್ ಇದ್ದರೆ ಅವರ ಹತ್ತಿರ ಮಾತಾಡಿಸಿ ಎನ್ನುತ್ತಿದ್ದರಂತೆ. ಸರಿ, ಒಬ್ಬ ಸರ್‌ನನ್ನು ನೇಮಿಸಿಕೊಂಡೆ ಅಂದರು. ನೀನು ಯಾಕೆ ಸ್ಟೀವ್ ಆದೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳಿಕೊಳ್ಳುವಂಥ ಕಾರಣ ಅವನ ಹತ್ತಿರ ಇರಲೂ ಇಲ್ಲ.

ಮಾರನೇ ದಿನ ಪುಟ್ಟತಾಯಮ್ಮ ಅವನನ್ನು ಗುಬ್ಬಿಗೆ ಕರೆಸಿ ಕಾಳಯ್ಯನವರ ಅಂಗಡಿಯ ಹಿಂಡಿ ಮೂಟೆಯ ಮೇಲೆ ಕೂರಿಸಿದರು. ಸರ್ವರ್, ಬ್ಯಾಂಡ್‌ವಿಡ್ತ್ ಎಂದು ಅವನು ಶುರುಮಾಡಿದಷ್ಟೂ ಕಾಳಯ್ಯನವರ ಮುಖ ಗಂಟಿಕ್ಕುತ್ತ ಹೋಯಿತು. ಹುಡುಗನ ಕಡೆಯವರು ಏನೋ ಕೊಟ್ಟು ಇವನ ಬಾಯಿ ಮುಚ್ಚಿಸಿದ್ದಾರೆಂದೇ ಅವರು ತಿಳಿದಂತಿತ್ತು. ಕೊನೆಗೆ ದಯಾನಂದ ಇಂಗ್ಲಿಷೆಲ್ಲ ಬಿಟ್ಟು ವಠಾರದ ಮಾತು ತೆಗೆದ. ವಠಾರಕ್ಕೆಲ್ಲ ಒಂದೇ ಟ್ಯಾಂಕು, ಯಾರೋ ಒಬ್ಬ ನಲ್ಲಿ ಬಿಟ್ಟು ಮರೆತ, ಮಾಲೀಕರು ವಾಲ್ವ್ ತಿರುಗಿಸಿದರು, ಎಲ್ಲ ಮನೆಗೂ ನೀರು ನಿಂತಿತು. ಸಿದ್ದಾರ್ಥ ಆ ವಠಾರದ ಒಂದು ಮನೆಯ ಗೋಡೆಗೆ ನೇತುಹಾಕಿದ ಫೋಟೊ ಅಷ್ಟೆ, ಅವನದೇನೂ ತಪ್ಪಿಲ್ಲ.

“ನಲ್ಲಿ ಬಿಟ್ಟೋನು ಯಾರು?” ಎಂದು ಕಾಳಯ್ಯ ಕೇಳಿದರು.

“ನಾನೇ ಸಾರ್.”

“ಮತ್ತೆ ಸಸ್ಪೆಂಡ್ ಆಗಿದ್ದು?”

“ಅದೂ ನಾನೇ.”

ಕಾಳಯ್ಯನವರು ಎದ್ದು ತುಮಕೂರಿಗೆ ಹೊರಟರು. ಹುಡುಗನ ಕಚೇರಿಗೇ ಹೋಗಿ, ಕಿಟಕಿಯಿಂದ ಅವನು ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದುದನ್ನು ಅರ್ಧ ಗಂಟೆ ನೋಡಿ ಬಂದರಂತೆ. ವಾರದೊಳಗೆ ನಿಶ್ಚಿತಾರ್ಥ ಆಯಿತು. ದಯಾನಂದನನ್ನೂ ಕರೆದಿದ್ದರು. ಊಟವಾದ ಮೇಲೆ ಕಾಳಯ್ಯನವರು ಅವನನ್ನು ಪಕ್ಕಕ್ಕೆ ಕರೆದು, ಬೂಸಾ ಅಂಗಡಿಗೂ ಒಂದು ಸೈಟು ಮಾಡಿಕೊಡಪ್ಪ, ಎಷ್ಟಾಗುತ್ತೆ ಎಂದು ಕೇಳಿದರು. ಎದುರಿಗೆ ಕೂತಿದ್ದ ಪುಟ್ಟತಾಯಮ್ಮ ಒಪ್ಪಿಕೋ ಎಂದು ಕಣ್ಸನ್ನೆ ಮಾಡಿದರು.

ದಯಾನಂದ ಬಾಯಿ ತೆರೆದ. ವರ್ಷಕ್ಕೆ ಇಷ್ಟು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. “ಬೇಡ ಸಾರ್,” ಅಂದುಬಿಟ್ಟ. “ನಿಮ್ ಗಿರಾಕಿಗಳು ಎಮ್ಮೆ ಕಟ್ಟಿರೋರು. ರೋಡಿಗೆ ಕಾಣೋ ಹಾಗೆ ಒಂದು ಬೋರ್ಡ್ ಸಾಕು.”

ಮನೆಗೆ ಬಂದು ಇದನ್ನು ಸ್ವಲ್ಪ ಜಂಬದಿಂದಲೇ ಹೇಳಿದ. ಮಂಜುಶ್ರೀ ನಿಜ ಹೇಳಿದ್ದು ಒಳ್ಳೆಯದೇ ಆಯಿತು ಅಂದಳು. ಆಮೇಲೆ, ಬೋರ್ಡಿನ ಆರ್ಡರಾದರೂ ತಂದಿದ್ದೀರಾ ಎಂದು ಕೇಳಿದಳು. ತಂದಿರಲಿಲ್ಲ. ಹೊಳೆದೇ ಇರಲಿಲ್ಲ. ಬೆಳಿಗ್ಗೆ ಅವಳೇ ಕಾಳಯ್ಯನವರಿಗೆ ಫೋನ್ ಮಾಡಿ ಅಳತೆ ಬರೆದುಕೊಂಡಳು, ಹತ್ತಡಿ ಉದ್ದ, ಮೂರಡಿ ಅಗಲ.