ಬಟ್ಟೆ ಬಿಗಿದರೆ ಹೊಟ್ಟೆ ಗಟ್ಟಿಯಾಗದು

"ಈ ಹೊಟ್ಟೆಯೊಳಗೆ ಇನ್ನೂ ಯಾರು ಕೂತಿದ್ದಾರೆ?"

ರುಮೆನಾ ಕೇಳಿದ್ದು ಯಾರನ್ನೂ ಅಲ್ಲ. ಮಗ್ಗದ ಮುಂದೆ ಕಾಲು ಚಾಚಿ ಕೂತು ತನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಎರಡನೆಯ ಮಗು ಹುಟ್ಟಿದ ಮೇಲೆ ಗದ್ದೆಯಲ್ಲಿ ಒಂದು ಬೆಳೆಯೇ ಕೊಯ್ಲಾಗಿ ಹೋಗಿತ್ತು.

ಲೊಂಬೊಕ್ ದ್ವೀಪದ ಆ ಹಳ್ಳಿಯಲ್ಲಿ ಹೆಂಗಸರು ಮಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡೇ ನೇಯುತ್ತಾರೆ. ಬೆನ್ನ ಹಿಂದಿನ ಹಲಗೆಗೆ ಒರಗಿ ಸೊಂಟ ಬಿಗಿಹಿಡಿದರೆ ಮಾತ್ರ ನೂಲು ಬಿಗಿಯಾಗುತ್ತದೆ. ರುಮೆನಾಳ ಸೊಂಟ ನಿಲ್ಲುತ್ತಿರಲಿಲ್ಲ. ನೂಲನ್ನು ಜೋರಾಗಿ ಬಡಿದಾಗಲೆಲ್ಲ ಮೂತ್ರದ ಹನಿ ಜಾರಿ ಚಾಪೆ ಒದ್ದೆಯಾಗುತ್ತಿತ್ತು.

ಅತ್ತೆ ಸಹ್ನಿಮ್ ಬಳಿ ಒಂದೇ ಮದ್ದು. ಉದ್ದನೆಯ ನಡುಕಟ್ಟಿನ ಬಟ್ಟೆ ತಂದು, ಮನೆಯ ಕಂಬಕ್ಕೆ ಒಂದು ಕಾಲು ಕೊಟ್ಟು, ಸೊಸೆಯ ಹೊಟ್ಟೆಗೆ ಸುತ್ತಿ ಎಳೆದಳು.

"ಕೆಳಗೆ ಒತ್ತುತ್ತೆ ಅತ್ತೆ."

"ಒತ್ತಲಿ ಬಿಡು. ನಾವೆಲ್ಲ ಕಟ್ಟಿಸ್ಕೊಳ್ಳಲಿಲ್ವಾ? ಬಟ್ಟೆನೇ ಹೊಟ್ಟೆನ ಒಳಗೆ ತಳ್ಳುತ್ತೆ."

ಬಿಗಿದಷ್ಟೂ ಚಾಪೆ ಹೆಚ್ಚು ಒದ್ದೆಯಾಯಿತು. ಕೊನೆಗೊಂದು ಬೆಳಿಗ್ಗೆ ರುಮೆನಾ ಮಗ್ಗ ಬಿಚ್ಚಿ ಸುರುಳಿ ಸುತ್ತಿದಳು. "ಇದನ್ನ ಅಟ್ಟಕ್ಕೆ ಹಾಕಿಬಿಡಿ. ಇನ್ನು ನನ್ನ ಕೈಲಾಗಲ್ಲ."

ಸಹ್ನಿಮ್ ಆ ಸುರುಳಿಯನ್ನು ಮುಟ್ಟಲಿಲ್ಲ. ನೇಯುವುದನ್ನು ಕಲಿಯದೆ ಹುಡುಗಿ ಮದುವೆಗೆ ಸಿದ್ಧಳೆನಿಸದ ಊರು ಅದು.

ಮಗುವಿನ ತೂಕ ನೋಡಲು ಬಂದ ದಾದಿ ಹಿದಾಯಾ ಅಂಗಳದಲ್ಲೇ ಇದನ್ನು ಕೇಳಿಸಿಕೊಂಡಳು. ರುಮೆನಾಳನ್ನು ಒಳಗೆ ಮಲಗಿಸಿ, ಬಿಗಿದ ನಡುಕಟ್ಟು ಬಿಚ್ಚಿ, ತಲೆಯನ್ನಷ್ಟೇ ಮೇಲೆತ್ತಲು ಹೇಳಿ, ಹೊಕ್ಕುಳ ಸುತ್ತ ಬೆರಳಿಟ್ಟು ನೋಡಿದಳು.

"ಹೊಟ್ಟೆ ಮಧ್ಯದ ಸ್ನಾಯು ಮಗುಗೆ ಜಾಗ ಬಿಡೋಕೆ ಅಂತ ಎರಡು ಕಡೆ ಸರಿದಿದೆ. ಬಹಳ ಜನಕ್ಕೆ ತಾನಾಗೇ ಹತ್ರ ಬರುತ್ತೆ. ಇವಳಿಗೆ ಸ್ವಲ್ಪ ಅಭ್ಯಾಸ ಬೇಕು. ಬಟ್ಟೆ ಸಡಿಲವಾಗಿದ್ರೆ ತೊಂದ್ರೆ ಇಲ್ಲ. ಹೀಗೆ ಹಿಂಡಿದ್ರೆ ಒಳಗಿನ ಭಾರ ಎಲ್ಲಿಗೆ ಹೋಗ್ಬೇಕು? ಕೆಳಕ್ಕೇ ತಾನೆ?"

"ಒಂದೂ ಹೆರದ ಹುಡುಗಿ ನಂಗೆ ಹೊಟ್ಟೆ ಪಾಠ ಹೇಳ್ತಾಳೆ," ಅಂದಳು ಸಹ್ನಿಮ್.

"ಹೆತ್ತಿಲ್ಲ ಅಜ್ಜಿ, ನಿಜ. ನಿಮ್ಮ ಮೊಮ್ಮಕ್ಕಳು ಬಂದಾಗ ಕೈ ಚಾಚಿ ಹಿಡ್ಕೊಂಡೋಳು ಮಾತ್ರ ನಾನೇ."

ಸಹ್ನಿಮ್‌ಗೆ ನಗು ಬಂದರೂ ತೋರಿಸಲಿಲ್ಲ.

"ರುಮೆನಾ, ಮಂಡಿ ಮಡಚು. ಉಸಿರು ತಗೋ. ಹೊಟ್ಟೆ ಸಡಿಲ ಬಿಡು. ಈಗ ಉಸಿರು ಬಿಡ್ತಾ, ಮೂತ್ರ ತಡೆಯೋ ಹಾಗೆ ಕೆಳಗಿಂದ ಮೇಲಕ್ಕೆ ಎಳ್ಕೋ. ಕೆಳಹೊಟ್ಟೆನೂ ಮೆಲ್ಲಗೆ ಒಳಗೆ ಹೋಗ್ಲಿ. ಆಮೇಲೆ ಪೂರ್ತಿ ಬಿಟ್ಬಿಡು."

ರುಮೆನಾ ಉಸಿರು ಕಟ್ಟಿ ಕೆಂಪಾದಳು.

"ಕಟ್ಬೇಡ. ಊರವರು ಸೇರಿದಾಗ ರಾಗವಾಗಿ ಪದ್ಯ ಓದೋರು ಸಾಲಿನ ಕೊನೇವರೆಗೂ ಉಸಿರನ್ನ ನೂಲಿನ ಹಾಗೆ ಬಿಡ್ತಾರಲ್ಲ, ಹಾಗೆ."

ಮೂಲೆಯಲ್ಲಿ ಕೂತಿದ್ದ ಸಹ್ನಿಮ್ ತನಗೆ ಗೊತ್ತಿಲ್ಲದೆಯೇ ಬಾಯಿಪಾಠವಿದ್ದ ಒಂದು ಸಾಲನ್ನು ಮೆಲ್ಲಗೆ ಹಾಡಿದಳು. ಆ ಸಾಲಿನೊಂದಿಗೇ ರುಮೆನಾಳ ಹೊಟ್ಟೆ ಒಳಗೆ ಸರಿಯಿತು.

ದಾದಿ ಹೊರಟಾಗ ಸಹ್ನಿಮ್ ಬೇಲಿಯವರೆಗೂ ಹಿಂದೆ ಬಂದಳು. "ಕೆಮ್ಮಿದಾಗ ಹನಿ ಬೀಳೋದು... ಮುದುಕೀರಿಗೂ ಇದು ಕೆಲಸ ಮಾಡುತ್ತಾ?"

"ಮಾಡುತ್ತೆ ಅಜ್ಜಿ. ಯಾಕೆ?"

"ಪದ್ಯ ಓದೋ ಮನೇಲಿ ನಾನು ಯಾವಾಗಲೂ ಬಾಗಿಲ ಹತ್ರ ಯಾಕೆ ಕೂರ್ತೀನಿ ಅನ್ಕೊಂಡಿದೀಯ?"

ಅಂದಿನಿಂದ ಅತ್ತೆ ಸೊಸೆ ಜೊತೆಯಲ್ಲೇ ಅಭ್ಯಾಸಕ್ಕೆ ಮಲಗಿದರು. ತಿಂಗಳುಗಳೇ ಹಿಡಿದವು. ಅಷ್ಟು ದಿನವೂ ಸಹ್ನಿಮ್ ಸೊಸೆಗೆ ನೀರಿನ ಕೊಡ ಮುಟ್ಟಲು ಬಿಡಲಿಲ್ಲ. ಮೊದಲ ಸಲ ಮತ್ತೆ ಮಗ್ಗ ಕಟ್ಟಿಕೊಂಡ ದಿನ ರುಮೆನಾ ನೂಲು ಬಡಿದಳು, ಇನ್ನೊಮ್ಮೆ ಬಡಿದಳು, ಚಾಪೆ ಮುಟ್ಟಿ ನೋಡಿದಳು. ಒಣಗಿಯೇ ಇತ್ತು. ದೇವರಿಗೆ ಎರಡು ಮಾತು ಹೇಳಿ, ಆಮೇಲೆ ಅತ್ತೆಯ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಕಣ್ಣು ತುಂಬಿತ್ತು.

"ನಂಗ್ಯಾಕೆ ನಮಸ್ಕಾರ? ನೇಯಿ," ಅಂದಳು ಸಹ್ನಿಮ್.

ಓದುತ್ತಿರುವ ತಾಯಿ, ನಿಮ್ಮ ಮೈ ಒಂದು ಜೀವವನ್ನು ಹೊತ್ತು ತಂದಿದೆ. ಅದಕ್ಕೆ ಕೃತಜ್ಞತೆ ತೋರಿಸಿ, ಸಮಯ ಕೊಡಿ. ಬಟ್ಟೆ ಬಿಗಿಯಬೇಡಿ. ಏಳುವಾಗ ಪಕ್ಕಕ್ಕೆ ಹೊರಳಿ ಏಳಿ. ಮಗುವನ್ನು ಎತ್ತುವಾಗ ಉಸಿರು ಬಿಡುತ್ತಾ ಎತ್ತಿ. ಹೊಟ್ಟೆ ಕುಯ್ದು ಹೆರಿಗೆ ಆಗಿದ್ದರೆ ವೈದ್ಯರನ್ನು ಕೇಳಿಯೇ ಅಭ್ಯಾಸ ಶುರುಮಾಡಿ. ಹನಿ ಜಾರಿದರೆ, ನೋವಿದ್ದರೆ, ಹೊಟ್ಟೆಯ ಮಧ್ಯೆ ಉಬ್ಬಿದರೆ ನಾಚದೆ ದಾದಿಯ ಬಳಿ ಹೋಗಿ. ಮನೆಯವರೇ, ಅವಳ ಅಭ್ಯಾಸಕ್ಕೆ ಅಡ್ಡ ಬರಬೇಡಿ. ಸಹ್ನಿಮ್ ಕೂಡ ಯಾರನ್ನೂ ಅಡ್ಡ ಬರಲು ಬಿಡುತ್ತಿರಲಿಲ್ಲ.

ಅಭ್ಯಾಸ ಶುರುವಾದ ಹೊಸದರಲ್ಲಿ ಊರಲ್ಲೊಂದು ಮದುವೆ ಬಂತು. ಔತಣದ ಕೆಲಸಕ್ಕೆ ಜನ ಸೇರಿಸುತ್ತಿದ್ದ ನೆರೆಮನೆಯ ಮಹ್ನೆಪ್ ಬಾಗಿಲಲ್ಲಿ ಬಂದು ನಿಂತಳು. ಅತ್ತೆ ಸೊಸೆ ಇಬ್ಬರೂ ಮಂಡಿ ಮಡಚಿ ಮಲಗಿದ್ದರು.

"ಇದೇನೇ ಸಹ್ನಿಮ್, ಹಗಲು ಹೊತ್ತಲ್ಲಿ? ಏಳು, ಸೊಸೆನ ಕಳಿಸು. ನೀರು ಹೊರೋಕೆ ಜನ ಸಾಲ್ತಿಲ್ಲ."

ಸಹ್ನಿಮ್ ಹೊರಬಿಡುತ್ತಿದ್ದ ಉಸಿರನ್ನು ನಿಧಾನವಾಗಿ ಪೂರ್ತಿ ಮುಗಿಸಿದಳು.

"ಕಳಿಸಲ್ಲ," ಅಂದಳು.