ಸಿಳ್ಳೆ ಎಲ್ಲಿಂದ

ಸ್ಪೀಕರ್ ಅಂಗಡಿ ಎರಡನೆಯ ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ನನ್ನ ಹಣೆಬರಹವೇ ಇಷ್ಟು, ಕೈ ಕೊಡುವುದಾದರೆ ಎಲ್ಲವೂ ಒಟ್ಟಿಗೆ ಕೈ ಕೊಡುತ್ತವೆ. ಅರ್ಧ ಹತ್ತಿ, ಚಪ್ಪಲಿಯ ಪಟ್ಟಿ ಸರಿಮಾಡುವ ನೆಪದಲ್ಲಿ ಬಗ್ಗಿ ನಿಂತೆ.

"ಏನೇ, ಅಲ್ಲೇ ಠಿಕಾಣಿ ಹೂಡಿದ್ಯಾ?" ಮೇಲಿನಿಂದ ನನ್ನ ಗಂಡ ಕೂಗಿದರು.

"ನಿಮ್ಮ ಥರ ಕೋತಿ ಹಾಗೆ ಹಾರೋಕೆ ನಂಗೆ ಬರಲ್ಲ. ಹೋಗ್ತಾ ಇರಿ, ಬರ್ತೀನಿ." ಅಷ್ಟನ್ನು ಒಂದೇ ಉಸಿರಿಗೆ ಹೇಳಲಾಗಲಿಲ್ಲ. ನಡುವೆ ಕೆಮ್ಮಿ ಅದನ್ನು ಮರೆಮಾಚಿದೆ.

ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಡುವುದು ನಮ್ಮ ಮನೆಯ ಕಸುಬು. ಓದುವವಳು ನಾನು. ಕೂರಿಸಿ ಓದಿಸಿ, ಆಮೇಲೆ ತಿದ್ದಿ ಒಪ್ಪ ಮಾಡುವವರು ಇವರು. ಸಾಮಾನಿನ ಕೋಣೆಯ ಗೋಡೆಗೆ ಕಂಬಳಿ ಹೊಡೆದು ಸ್ಟುಡಿಯೋ ಮಾಡಿಕೊಂಡಿದ್ದೇವೆ. ತಿದ್ದುವುದೆಂದರೆ ಹೆಚ್ಚಿನ ಪಾಲು ಉಸಿರು ಕತ್ತರಿಸುವುದೇ. ವಾಕ್ಯಗಳ ನಡುವೆ ಓದುವವರು ಎಳೆದುಕೊಳ್ಳುವ ಉಸಿರು ಕೇಳುವವರಿಗೆ ಕಿರಿಕಿರಿಯಂತೆ. ಅದನ್ನು ಒಂದೊಂದಾಗಿ ಹುಡುಕಿ ತೆಗೆದು, ಆ ಜಾಗಕ್ಕೆ ಮೌನ ಅಂಟಿಸಬೇಕು. ಇವರ ಕೈ ದಾಟಿ ಬಂದ ಪುಸ್ತಕದಲ್ಲಿ ನಾನು ಉಸಿರೇ ಆಡುವುದಿಲ್ಲ.

ಹೋದ ವರ್ಷದಿಂದ ಇವರಿಗೆ ಒಂದು ಸಿಳ್ಳೆಯ ಕಾಟ. ಸಣ್ಣದು, ಬಾಗಿಲ ಸಂದಿಯಲ್ಲಿ ಗಾಳಿ ನುಸುಳಿದಂತೆ. ನಾನು ಓದಿದ್ದರಲ್ಲೆಲ್ಲ ಅಲ್ಲೊಂದು ಇಲ್ಲೊಂದು ಕೇಳುತ್ತಿತ್ತು. ಮೈಕ್ ಬದಲಾಯಿಸಿದರು, ಕೇಬಲ್ ಬದಲಾಯಿಸಿದರು, ಕಿಟಕಿಗೆ ರಬ್ಬರ್ ತುರುಕಿದರು. ಕೆಳಗಿನ ಮನೆಯವರ ಫ್ರಿಜ್ ಮೇಲೆ ಅನುಮಾನಪಟ್ಟು ಜಗಳ ಕಾದು ಬಂದರು. ಕೊನೆಗೆ ಸಿಟ್ಟು ತಿರುಗಿದ್ದು ಹಳೆಯ ಸ್ಪೀಕರ್‌ಗಳ ಮೇಲೆ.

"ಈ ಡಬ್ಬಗಳಲ್ಲಿ ಎಲ್ಲಾ ಕಲಸುಮೇಲೋಗರ. ಒಳ್ಳೇ ಮಾನಿಟರ್ ಸ್ಪೀಕರ್, ಒಳ್ಳೇ ಆಂಪ್ಲಿಫೈಯರ್ ಬರಲಿ, ಆ ಸಿಳ್ಳೆ ಎಲ್ಲಿಂದ ಬರ್ತಿದೆ ಅಂತ ಹಿಡಿದೇ ಹಿಡೀತೀನಿ," ಎಂದರು.

ಎಲ್ಲಿಂದ ಬರುತ್ತಿದೆ ಎಂದು ನನಗೆ ಗೊತ್ತಿತ್ತು. ಹಲ್ಲು ತೋರಿಸಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ ಎದೆಯ ಡಾಕ್ಟರ್ ಹತ್ತಿರ ಹೋಗಿ ಬಂದಿದ್ದೆ. ಶ್ವಾಸನಾಳ ಒಳಗೊಳಗೇ ಕಿರಿದಾಗುತ್ತಿದೆ, ಔಷಧಿಯಿಂದ ನಿಧಾನ ಮಾಡಬಹುದು, ನಿಲ್ಲಿಸಲು ಆಗದು ಎಂದಿದ್ದರು ಆಕೆ. ಅಪ್ಪನಿಗೂ ಇದೇ ಆಗಿತ್ತು. ಆದರೆ ನಾನು ಹೆದರಿದ್ದು ಅಪ್ಪನನ್ನು ನೋಡಿ ಅಲ್ಲ, ಅಮ್ಮನನ್ನು ನೋಡಿ. ಅವನು ಹಾಸಿಗೆ ಹಿಡಿದ ಮೇಲೆ ಅವಳು ಮಂಚದ ಪಕ್ಕ ಕೂತು ಬರೀ ಉಸಿರು ಕೇಳಿಸಿಕೊಂಡಳು. ಮಾತಿಲ್ಲ, ಜಗಳವಿಲ್ಲ. ಅಪ್ಪ ತಮಾಷೆ ಮಾಡಿದರೂ ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಎದೆಯ ಮೇಲಿತ್ತು. ಸಾಯುವ ಮೊದಲೇ ಮನುಷ್ಯನನ್ನು ಸಾಯಿಸುವುದೆಂದರೆ ಅದೇ. ನನಗೆ ಅದು ಬೇಡವಾಗಿತ್ತು. ಇವರು ನನ್ನನ್ನು ಬೈಯಬೇಕು, ನಾನು ತಿರುಗಿ ಬೈಯಬೇಕು, ಇರುವಷ್ಟು ದಿನ ಹಾಗೇ ಇರಬೇಕು. ಅದಕ್ಕೇ ಹಟ ಹಿಡಿದು ಜೊತೆಗೆ ಬಂದಿದ್ದೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಮಂಕಾದ ಜೋಡಿಯನ್ನು ಇವರ ತಲೆಗೆ ಕಟ್ಟಿಯೇ ಮನೆಗೆ ಹೋಗುವುದೆಂದು ತೀರ್ಮಾನಿಸಿದ್ದೆ.

ಅಂಗಡಿಯಾತ ನಮ್ಮನ್ನು ಒಳಕೋಣೆಯಲ್ಲಿ ಕೂರಿಸಿದ. ಗೋಡೆಗೆಲ್ಲ ದಪ್ಪ ಸ್ಪಂಜು, ನೆಲಕ್ಕೆ ಜಮಖಾನ. ಬಾಗಿಲು ಮುಚ್ಚಿದ ಕೂಡಲೇ ಬೀದಿಯ ಸದ್ದು ಸತ್ತೇ ಹೋಯಿತು. ಸ್ಪೀಕರ್ ಕೊಳ್ಳಲು ಹೋಗುವಾಗ ಕಿವಿಗೆ ಚೆನ್ನಾಗಿ ಪರಿಚಯವಿರುವ ಧ್ವನಿಯನ್ನೇ ಒಯ್ಯುವುದು ಈ ಕಸುಬಿನವರ ರೂಢಿ. ಇವರು ತಂದಿದ್ದು ಹಿಂದಿನ ದಿನ ನಾನು ಓದಿದ, ಇನ್ನೂ ಕತ್ತರಿ ಮುಟ್ಟದ ಅಧ್ಯಾಯ.

ಮೊದಲ ಜೋಡಿ ಗುಮ್ ಎಂದಿತು. ಸಿಳ್ಳೆಯ ಸುಳಿವಿಲ್ಲ.

"ಆಹಾ, ಇದೇ ಇರಲಿ ರೀ! ಎಷ್ಟು ತುಂಬಿದ ಧ್ವನಿ," ಎಂದೆ.

"ಗೋಣಿಚೀಲದೊಳಗೆ ಕೂತು ಓದಿದ ಹಾಗಿದೆ. ನಿನ್ನ ಕಿವಿ ಇರೋದು ಓಲೆ ಹಾಕೋಕೆ ಮಾತ್ರಾನಾ?"

ಅಂಗಡಿಯಾತ ನಕ್ಕ. ನಾನೂ ನಕ್ಕೆ. ಇಂಥ ಮಾತಿಗಾಗಿಯೇ ನಾನು ಬದುಕಿದ್ದು.

ಎರಡನೆಯ ಜೋಡಿಯಲ್ಲಿ ಸಿಳ್ಳೆ ಸಿಕ್ಕಿತು. ಇವರು ಕುರ್ಚಿಯಿಂದ ಎದ್ದೇಬಿಟ್ಟರು. "ಬಂತು! ಕೇಳಿಸ್ತಾ?"

"ಹೌದು ಸಾರ್, ಸಣ್ಣಗೆ ಬರ್ತಿದೆ," ಎಂದ ಅಂಗಡಿಯಾತ. "ಆಂಪ್ಲಿಫೈಯರ್ ಇರಬಹುದು, ಬೇರೆ ಹಾಕ್ತೀನಿ."

ಬೇರೆಯದು ಹಾಕಿದ. ಸಿಳ್ಳೆ ಅಲ್ಲೇ ಇತ್ತು. ಕೇಬಲ್ ಬದಲಾಯಿಸಿದ. ಅಲ್ಲೇ ಇತ್ತು. ಕೊನೆಗೆ ಅಂಗಡಿಯ ಅತಿ ದುಬಾರಿ ಜೋಡಿಯನ್ನು, ಇಬ್ಬರು ಹೊರಬೇಕಾದಂಥ ಆಂಪ್ಲಿಫೈಯರ್‌ಗೆ ಸೇರಿಸಿದ. ಅದರಲ್ಲಿ ನನ್ನ ನಾಲಿಗೆ ಅಂಗುಳಕ್ಕೆ ತಾಗಿದ್ದೂ, ನಾನು ಹಾಳೆ ತಿರುವಿದ್ದೂ ಕೇಳಿಸಿತು. ಪ್ರತಿ ವಾಕ್ಯ ಮುಗಿದ ಮೇಲೂ ನನ್ನ ಎದೆಯೊಳಗಿನ ಸಿಳ್ಳೆ ಎರಡು ಪೆಟ್ಟಿಗೆಗಳ ನಡುವೆ ಎದ್ದು ನಿಂತಿತು. ನನ್ನ ರೋಗ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹಾರುವುದನ್ನು ನಾನು ಕೈಕಟ್ಟಿ ಕೂತು ನೋಡಿದೆ.

ಇವರ ತಾಳ್ಮೆ ತಪ್ಪಿತು. "ಏನ್ರೀ ಇದು! ಇಷ್ಟು ದೊಡ್ಡ ಅಂಗಡಿಯಲ್ಲಿ ಸಿಳ್ಳೆ ಹೊಡೀದೇ ಇರೋ ಒಂದು ಆಂಪ್ಲಿಫೈಯರ್ ಇಲ್ವಾ?"

ಅಂಗಡಿಯಾತ ಪಾಪ, ತನ್ನಲ್ಲಿದ್ದ ಯಾವುದೋ ಪಿಯಾನೊ ಹಾಕಿದ. ತಿಳಿನೀರಿನ ಹಾಗಿತ್ತು. "ನಮ್ಮದ್ರಲ್ಲಿ ಇಲ್ಲ ಸಾರ್. ನಿಮ್ಮ ರೆಕಾರ್ಡಿಂಗಲ್ಲೇ ಇದೆ."

"ಹೊಸ ಮೈಕ್ ಕಣ್ರೀ ಅದು!"

"ರೀ, ಸಾಕು ನಡೀರಿ," ಎಂದೆ. "ಮೊದಲನೇದೇ ತಗೊಂಡು ಹೋಗೋಣ. ನಂಗೆ ತಲೆ ನೋಯ್ತಿದೆ."

"ಸುಮ್ನಿರೇ ನೀನು."

"ಒಂದು ನಿಮಿಷ ಸಾರ್," ಎಂದ ಅಂಗಡಿಯಾತ. "ಎಲ್ಲಾ ಆಫ್ ಮಾಡ್ತೀನಿ. ಕೋಣೆಯಲ್ಲೇ ಏನಾದ್ರೂ ಸದ್ದು ಇದ್ಯಾ ನೋಡೋಣ." ಅವನು ದೊಡ್ಡ ಸ್ವಿಚ್ ಎಳೆದ. ಆಂಪ್ಲಿಫೈಯರ್‌ಗಳ ಕೆಂಪು ದೀಪಗಳೆಲ್ಲ ಆರಿದವು.

ನಾನು ಉಸಿರು ಬಿಗಿಹಿಡಿದೆ. ಅಷ್ಟು ಮೌನ ಎಲ್ಲೂ ಕಂಡಿರಲಿಲ್ಲ. ಇವರು ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೋಗಿ ಮಾರಾಯರೇ, ಬಾಗಿಲು ತೆಗೀರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಮೆಟ್ಟಿಲು ಹತ್ತಿ ಬಂದ ಎದೆ ಎಷ್ಟು ಹೊತ್ತು ತಡೆದೀತು? ಬಿಟ್ಟುಬಿಟ್ಟೆ.

ಕೋಣೆಯಲ್ಲಿ ಒಂದು ಯಂತ್ರವೂ ನಡೆಯುತ್ತಿರಲಿಲ್ಲ. ಸಿಳ್ಳೆ ಬಂತು.

ಅಂಗಡಿಯಾತ ಮೊದಲು ಪೆಟ್ಟಿಗೆಗಳನ್ನು ನೋಡಿದ, ಆಮೇಲೆ ನನ್ನನ್ನು. "ನೀರು ತರ್ತೀನಿ ಮೇಡಂ," ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ.

ಇವರು ನನ್ನ ಕುರ್ಚಿಯ ಹಿಂದೆ ಬಂದು ಮೊಣಕಾಲೂರಿ ಕೂತರು. ನನ್ನ ಬೆನ್ನಿಗೆ ಕಿವಿಯಿಟ್ಟರು. "ಉಸಿರು ತಗೋ."

"ಯಾಕೆ, ಡಾಕ್ಟರ್ ಆಗಿಬಿಟ್ರಾ?"

"ತಗೋಳೇ."

ತೆಗೆದುಕೊಂಡೆ. ಇನ್ನೊಂದು ಸಲ ಎಂದರು. ಮತ್ತೆ ತೆಗೆದುಕೊಂಡೆ. ಆಮೇಲೆ ಬಹಳ ಹೊತ್ತು ಕಿವಿ ಅಲ್ಲಿಂದ ಕದಲಲಿಲ್ಲ.

"ಯಾವಾಗಿಂದ ಗೊತ್ತು ನಿಂಗೆ?"

"ಹಲ್ಲು ತೋರಿಸ್ಕೊಂಡು ಬಂದೆನಲ್ಲ, ಆವತ್ತಿಂದ."

"ಇದನ್ನೇ ಕಣೇ ನಾನು ದಿನಾ ಕತ್ತರಿಸ್ತಿದ್ದಿದ್ದು," ಎಂದರು. ಮಾತು ನನ್ನ ಬೆನ್ನಿಗೆ ತಾಗುತ್ತಿತ್ತು. "ಒಂದೊಂದಾಗಿ ಹುಡುಕಿ ಹುಡುಕಿ ಬಿಸಾಕ್ತಿದ್ದೆ. ಊರಿನ ಫ್ರಿಜ್ ಜೊತೆಗೆಲ್ಲ ಜಗಳ ಆಡಿದೆ. ಪಕ್ಕದಲ್ಲಿ ಮಲಗಿದ್ದೋಳನ್ನ ಒಂದು ಮಾತು ಕೇಳಲಿಲ್ಲ."

ಹಿಂದಕ್ಕೆ ಕೈ ಚಾಚಿ ಅವರ ತಲೆಯನ್ನು ಮೆಲ್ಲಗೆ ದೂಡಿದೆ.

ಅಂಗಡಿಯಾತ ನೀರು ತಂದು ಬಾಗಿಲಲ್ಲೇ ನಿಂತ. "ಇವತ್ತು ಬೇಡ ಅಲ್ವಾ ಸಾರ್? ಇನ್ನೊಂದು ದಿನ ಬನ್ನಿ."

"ಕೊನೇದು," ಎಂದರು ಇವರು ಮೇಲೇಳುತ್ತ. "ಎಲ್ಲಾ ಸ್ಪಷ್ಟವಾಗಿ ಕೇಳಿಸ್ತಲ್ಲ, ಆ ಜೋಡಿ. ಆ ಆಂಪ್ಲಿಫೈಯರ್ ಸಮೇತ ಪ್ಯಾಕ್ ಮಾಡಿ."

"ಬೇಡ ರೀ. ನಿಮ್ಮ ದಮ್ಮಯ್ಯ, ಅದೊಂದು ಬೇಡ."

ಇಷ್ಟು ವರ್ಷದ ಸಂಸಾರದಲ್ಲಿ ನಾನು ದಮ್ಮಯ್ಯ ಅಂದದ್ದು ಅದೇ ಮೊದಲು. ಇವರು ನನ್ನ ಕಡೆ ತಿರುಗಿದರು. ಕಣ್ಣು ನನ್ನ ಮುಖದ ಮೇಲಿರಲಿಲ್ಲ.

ಆ ಜೋಡಿ ಈಗ ನಮ್ಮ ಮೇಜಿನ ಮೇಲೆ ಕೂತಿದೆ. ಇವರು ಉಸಿರು ಕತ್ತರಿಸುವುದನ್ನು ಬಿಟ್ಟಿದ್ದಾರೆ. ಪುಸ್ತಕ ಕೊಟ್ಟವರು ಫೋನ್ ಮಾಡಿ ಗೊಣಗಿದರೆ, "ಅದು ಇರಲಿ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಾರೆ. ನಾನು ದಿನಕ್ಕೆ ಎರಡು ಪುಟ ಓದಿದರೆ ಹೆಚ್ಚು. ಓದಿ ಮುಗಿಸಿ ಕೈ ಸನ್ನೆ ಮಾಡಿದರೂ ಇವರು ರೆಕಾರ್ಡಿಂಗ್ ನಿಲ್ಲಿಸುವುದಿಲ್ಲ. ಗುಂಡಿಯ ಮೇಲೆ ಬೆರಳಿಟ್ಟುಕೊಂಡು, ನನ್ನ ಮುಂದಿನ ಉಸಿರು ಬರುವ ತನಕ ಕಾಯುತ್ತಾರೆ.

"ಬಂತಲ್ಲ, ಇನ್ನಾದ್ರೂ ಒತ್ತಿ ಆ ಸುಡುಗಾಡು ಗುಂಡೀನ!" ಎಂದು ಬೈಯುತ್ತೇನೆ.

ಒತ್ತುತ್ತಾರೆ. ತಿರುಗಿ ಬೈಯುವುದಿಲ್ಲ.